ತವರಿನ ಬಳ್ಳಿಗೆ ಬಂದ ವೈರಸ್

ಗಿಡಕ್ಕೆ ಬಂದ ವೈರಸ್ಸಿಗೆ ಔಷಧಿ ಇಲ್ಲ. ಈ ಒಂದು ವಾಕ್ಯವನ್ನು ಹೇಳಿ ಹೇಳಿ ನನ್ನ ಗಂಟಲು ಒಣಗಿದೆ. ಅತ್ತೆಗೆ ಹೇಳಿದೆ, ಗಂಡನಿಗೆ ಹೇಳಿದೆ, ನಾದಿನಿಗೆ ಮೊದಲು ಫೋನಿನಲ್ಲಿ, ಆಮೇಲೆ ಎದುರಿಗೆ ಕೂರಿಸಿಕೊಂಡು ಹೇಳಿದೆ, ಕೊನೆಗೆ ಮೂಡಿಗೆರೆಯ ಗೊಬ್ಬರದಂಗಡಿಯವನಿಗೂ ಹೇಳಿದೆ. ಎಲ್ಲರೂ ಪೂರ್ತಿ ಕೇಳಿಸಿಕೊಂಡರು, ತಲೆಯಾಡಿಸಿದರು. ತಲೆಯಾಡಿಸಿದ ಮೇಲೆ, ಹಾಗಾದರೆ ಯಾವ ಔಷಧಿ ಹೊಡೆಯಬೇಕು ಎಂದು ಕೇಳಿದರು. ಇವರಿಗೆ ಏನು ಹೇಳುವುದು, ನನ್ನ ಕರ್ಮ.

ನಾನು ಮೂಡಿಗೆರೆಯಲ್ಲಿ ಪಿಯುಸಿ ಮಕ್ಕಳಿಗೆ ಜೀವಶಾಸ್ತ್ರ ಹೇಳಿಕೊಡುವವಳು. ಮನೆ ಜಾವಳಿಯ ಕಡೆ. ಗಂಡನದು ಸ್ವಲ್ಪ ಕಾಫಿ ತೋಟ, ಅದರ ನೆರಳಿಗೆ ನಿಂತ ಸಿಲ್ವರ್ ಓಕ್ ಮರಗಳು, ಮರಗಳ ಮೈತುಂಬ ಹಬ್ಬಿದ ಕಾಳುಮೆಣಸು. ಬೆಳಿಗ್ಗೆ ಬಸ್ಸು ಹತ್ತಿ ಕಾಲೇಜಿಗೆ ಹೋಗುತ್ತೇನೆ, ಸಾಯಂಕಾಲ ಬಂದು ಕಾಫಿ ಕುಡಿದು ತೋಟಕ್ಕೆ ಒಂದು ಸುತ್ತು ಹಾಕುತ್ತೇನೆ. ಕಾಲೇಜಿನಲ್ಲಿ ನನ್ನ ಮಾತಿಗೆ ಬೆಲೆ ಇದೆ. ಮನೆಯಲ್ಲಿ ನಾನು ಬರೀ ಸೊಸೆ.

ವೈರಸ್ಸಿನ ಪಾಠ ಬಂತೆಂದರೆ ಕಾಲೇಜಿನಲ್ಲಿ ನನಗೆ ಹುರುಪು. ಮೊದಲು ಮಕ್ಕಳನ್ನು ಒಂದು ಪ್ರಶ್ನೆ ಕೇಳಿ ಸತಾಯಿಸುತ್ತೇನೆ: ಅದಕ್ಕೆ ಜೀವ ಇದೆಯೋ ಇಲ್ಲವೋ? ಅದು ಉಣ್ಣುವುದಿಲ್ಲ, ಉಸಿರಾಡುವುದಿಲ್ಲ, ಬೆಳೆಯುವುದಿಲ್ಲ. ಮೇಲೆ ಪ್ರೋಟೀನಿನ ಒಂದು ಕವಚ, ಒಳಗೆ ಆರ್‌ಎನ್‌ಎಯದೋ ಡಿಎನ್‌ಎಯದೋ ಒಂದು ಎಳೆ. ಆ ಎಳೆಯಲ್ಲಿ ಇರುವುದು ತನ್ನಂಥದ್ದನ್ನೇ ಇನ್ನೊಂದು ಮಾಡುವುದು ಹೇಗೆ ಎಂಬ ವಿವರ, ಅಷ್ಟೇ. ಆದರೆ ಮಾಡಲು ಬೇಕಾದ ಸಾಮಾನು ಒಂದೂ ಅದರ ಬಳಿ ಇಲ್ಲ. ಹಾಗಾಗಿ ಹೊರಗೆ ಬಿದ್ದಿದ್ದಾಗ ಅದು ಧೂಳಿಗೆ ಸಮ. ಜೀವಂತ ಕೋಶದೊಳಕ್ಕೆ ನುಗ್ಗಿತೋ, ಕತೆಯೇ ಬೇರೆ. ಕವಚ ಕಳಚಿ ಎಳೆ ಹೊರಗೆ ಬರುತ್ತದೆ. ಪ್ರೋಟೀನು ತಯಾರಿಸುವ ರೈಬೋಸೋಮುಗಳು ಕೋಶದಲ್ಲಿ ಮೊದಲೇ ಇರುತ್ತವೆ. ಈ ವಿವರ ಯಾರದ್ದು, ಎಲ್ಲಿಂದ ಬಂತು ಎಂದು ಅವು ಕೇಳುವುದೇ ಇಲ್ಲ, ಓದಿಕೊಂಡು ಕೆಲಸಕ್ಕೆ ಹತ್ತುತ್ತವೆ. ಎಳೆಯ ನಕಲು ತೆಗೆಯುವ ಕಿಣ್ವ ಮೊದಲು ತಯಾರಾಗುತ್ತದೆ. ಆಮೇಲೆ ನಕಲಿನ ಮೇಲೆ ನಕಲು, ಕವಚದ ಮೇಲೆ ಕವಚ. ಎರಡೂ ತಾವೇ ಕೂಡಿಕೊಂಡು ಹೊಸ ವೈರಸ್ಸುಗಳಾಗಿ ಪಕ್ಕದ ಕೋಶಕ್ಕೆ ಹೊರಡುತ್ತವೆ. ಮಕ್ಕಳು ಬರೆದುಕೊಳ್ಳುತ್ತಾರೆ, ಚಿತ್ರ ಬಿಡಿಸುತ್ತಾರೆ, ಪರೀಕ್ಷೆಯಲ್ಲಿ ಅದನ್ನೇ ಬರೆದು ಪಾಸಾಗುತ್ತಾರೆ.

ಅದೇ ಪಾಠ ನಮ್ಮ ಹಿತ್ತಲಿನಲ್ಲಿ ನಿಂತು ಮಾಡಿದರೆ ಮೂರು ಕಾಸಿನ ಬೆಲೆ ಇಲ್ಲ.

ನಮ್ಮ ತೋಟದ ಮೆಣಸು ಅತ್ತೆಯ ಮೆಣಸು. ಅವರು ಮದುವೆಯಾಗಿ ಬಂದಾಗ ಮಲ್ಲಂದೂರಿನ ಕಡೆಯ ತಮ್ಮ ತವರಿನಿಂದ ಒದ್ದೆ ಗೋಣಿಯಲ್ಲಿ ಸುತ್ತಿಕೊಂಡು ತಂದ ಬಳ್ಳಿ ಅದು. ಬುಡದಿಂದ ನೆಲದ ಮೇಲೆ ಹರಿಯುವ ಹಂಬುಗಳನ್ನು ಕತ್ತರಿಸಿ ನೆಟ್ಟು, ಅದರಿಂದ ಮತ್ತೆ ಕತ್ತರಿಸಿ ನೆಟ್ಟು, ಒಂದು ಬಳ್ಳಿಯಿಂದ ಇಡೀ ತೋಟ ತುಂಬಿಸಿದವರು. ಕಾಳು ಕಟ್ಟುವ ಗೆರೆ, ಅಂದರೆ ಕದಿರು, ಉದ್ದ, ಕಾಳು ಒತ್ತೊತ್ತು, ಸಿಪ್ಪೆ ತೆಗೆದು ಬೋಳುಕಾಳು ಮಾಡಿದರೆ ಮುತ್ತು. ಊರಿನಲ್ಲಿ ಆ ಬಳ್ಳಿಗೆ ಅತ್ತೆಯ ಹೆಸರೇ ಬಿದ್ದಿದೆ. ಕೇಳಿ ಬಂದವರಿಗೆ ಇಲ್ಲ ಎಂದವರಲ್ಲ. ಮೆಣಸಿನ ಬಳ್ಳಿ ಕೇಳಿದವರನ್ನು ಬರಿಗೈಯಲ್ಲಿ ಕಳಿಸಬಾರದು ಎಂಬುದು ನಮ್ಮ ಕಡೆ ಬರೆದಿಡದ ಕಾನೂನು. ಅದರಲ್ಲೂ ಮನೆಯ ಹೆಣ್ಣುಮಗಳು ಹೊಸ ತೋಟ ಮಾಡಿದರೆ ಮೊದಲ ಬಳ್ಳಿ ತವರಿನಿಂದಲೇ ಹೋಗಬೇಕು, ತಾಯಿಯೇ ಕೈಯಾರೆ ಕತ್ತರಿಸಿ ಕೊಡಬೇಕು.

ನಾದಿನಿ ಹೊಸ ತೋಟ ಮಾಡುವವಳಿದ್ದಳು. ಅವಳನ್ನು ಕೊಟ್ಟದ್ದು ಕಳಸದ ಹತ್ತಿರ, ಭದ್ರೆಯ ಆಚೆ ದಡದ ಗುಡ್ಡಕ್ಕೆ. ಗಂಡನದು ಅಡಿಕೆ ತೋಟ. ಹಳದಿ ಎಲೆ ರೋಗ ಬಂದು ಆ ಅಡಿಕೆ ವರ್ಷದಿಂದ ವರ್ಷಕ್ಕೆ ಸುಳಿ ಒಣಗಿ ಬರೀ ಕಂಬಗಳಾಗುತ್ತಿತ್ತು. ಗುಡ್ಡದ ಮೇಲೆ ಸಿಲ್ವರ್ ಮರ ಬೆಳೆದು ನಿಂತಿದ್ದವು. ಇನ್ನು ಆ ಮರಗಳಿಗೆ ಮೆಣಸು ಹಬ್ಬಿಸುವುದೊಂದೇ ದಾರಿ, ಅದು ಕೈ ಹಿಡಿದರೆ ಅವರು ಆ ಗುಡ್ಡದಲ್ಲಿ ಉಳಿಯುತ್ತಾರೆ, ಇಲ್ಲದಿದ್ದರೆ ಮಾರಿ ಹೋಗಬೇಕು. ಇದು ಅವಳು ಬಾಯಿಬಿಟ್ಟು ಹೇಳಿದ ಮಾತು. ಅಮ್ಮನ ಬಳ್ಳಿ ಇದೆಯಲ್ಲ, ನನಗೇನು ಹೆದರಿಕೆ ಎಂದೂ ಹೇಳಿದ್ದಳು.

ಇಂಥ ಹೊತ್ತಿಗೆ ನಮ್ಮ ಬಳ್ಳಿಗೆ ಬಂತು.

ಕೊರೊನಾ ಮುಗಿದ ಮರುವರ್ಷ, ಮೆಣಸು ಕೊಯ್ಯುವ ಕಾಲ. ಏಣಿ ಹಾಕಿದ ಮರದ ಬುಡದಲ್ಲಿ ನಿಂತು ತಲೆಯೆತ್ತಿದವಳಿಗೆ ಹೊಸ ಎಲೆಗಳು ಕಂಡವು. ಅಂಗೈ ಅಗಲ ಇರಬೇಕಾದವು ಹೆಬ್ಬೆರಳಿನಷ್ಟಿದ್ದವು. ಚರ್ಮದ ಹಾಗೆ ದಪ್ಪ, ಅಂಚು ಮುದುರಿ, ಮೇಲೆ ತಿಳಿಹಳದಿ ಮಚ್ಚೆ. ಗೆಣ್ಣು ಗೆಣ್ಣಿನ ನಡುವಿನ ಅಂತರ ಕುಗ್ಗಿ ಬಳ್ಳಿ ಅಲ್ಲೇ ಗಂಟು ಹಾಕಿಕೊಂಡಂತೆ ನಿಂತಿತ್ತು. ಇಂಥ ಎಲೆಯ ಫೋಟೊವನ್ನು ನಾನು ಓದಿನ ಕಾಲದಿಂದ ನೋಡಿದ್ದೇನೆ. ಖಾತ್ರಿಯಾಗಲಿ ಎಂದು ಎಲೆಗಳನ್ನು ಕಿತ್ತು ಸಂಶೋಧನಾ ಕೇಂದ್ರದ ಪರಿಚಯದ ವಿಜ್ಞಾನಿಯೊಬ್ಬರಿಗೆ ತೋರಿಸಿದೆ. ಅವರು ಪರೀಕ್ಷೆ ಮಾಡಿಸಿ, ವೈರಸ್ಸೇ, ಬಳ್ಳಿ ಕಿತ್ತು ಸುಡಿ, ಇದರಿಂದ ಒಂದು ತುಂಡೂ ಯಾರಿಗೂ ಕೊಡಬೇಡಿ ಎಂದರು. ಸುಲಭವಾಗಿ ಹೇಳಿದರು, ಅವರು ನಮ್ಮ ಅತ್ತೆಯನ್ನು ನೋಡಿದವರಲ್ಲ.

ಅತ್ತೆ ಎಲೆ ನೋಡಿ, ಸತುವು ಕಡಿಮೆ ಆಗಿರಬೇಕು ಎಂದರು. ಆಮೇಲೆ ಚಳಿಗೆ ಎಂದರು. ಆಮೇಲೆ ಯಾರದೋ ಕಣ್ಣು ಎಂದರು. ನಾನು ಸೋಲುವ ಜಾತಿಯಲ್ಲ. ಅಡುಗೆಮನೆಯಲ್ಲಿ ಅಕ್ಕಿರೊಟ್ಟಿ ತಟ್ಟುತ್ತಿದ್ದವರ ಪಕ್ಕ ಮಣೆ ಹಾಕಿ ಕೂತು ಪಾಠ ಶುರುಮಾಡಿದೆ. ಒಬ್ಬ ನೆಂಟ ಬಂದ ಅಂದುಕೊಳ್ಳಿ, ಕೈಯಲ್ಲಿ ಅಕ್ಕಿ ಇಲ್ಲ, ಪಾತ್ರೆ ಇಲ್ಲ, ಸೌದೆ ಇಲ್ಲ, ಬರೀ ಒಂದು ಮಾತು ಹೊತ್ತು ಬಂದಿದ್ದಾನೆ, ನನ್ನಂಥವನನ್ನೇ ಇನ್ನೊಬ್ಬನನ್ನು ಮಾಡಿ ಎಂದು. ಈ ಮನೆಯವರು ಪೆದ್ದರು, ತಮ್ಮದೇ ಅಕ್ಕಿ ತಮ್ಮದೇ ಸೌದೆ ಹಾಕಿ ಅವನಂಥವರನ್ನು ಬೇಯಿಸಿ ಇಳಿಸುತ್ತಲೇ ಇದ್ದಾರೆ, ಮನೆಯ ಮಕ್ಕಳಿಗೆ ಊಟವಿಲ್ಲ. ಬಳ್ಳಿಯೊಳಗೆ ನಡೆಯುತ್ತಿರುವುದು ಅದೇ, ಅದಕ್ಕೇ ಎಲೆ ಸಣ್ಣ ಎಂದೆ. ಅತ್ತೆ ರೊಟ್ಟಿ ಮಗುಚಿ ಹಾಕಿ, ‘ಅಂಥ ನೆಂಟ್ರು ನಿನ್ನ ತವರಿನ ಕಡೆಯವ್ರೇ ಇರ್ಬೇಕು ಮಾರಾಯ್ತಿ’ ಎಂದರು. ನನ್ನ ಗಂಡ ಪಕ್ಕದಲ್ಲೇ ಕೂತು ಉಣ್ಣುತ್ತಿದ್ದವನು ನಕ್ಕು ನೆತ್ತಿಗೆ ಹತ್ತಿಸಿಕೊಂಡ.

ಗಂಡನಿಂದ ಏನೂ ಉಪಯೋಗವಾಗಲಿಲ್ಲ. ಅವನಿಗೆ ವಿಷಯ ಗೊತ್ತು, ಬಿಎಸ್ಸಿ ಓದಿದವನೇ. ಆದರೆ ಅಮ್ಮ ಮತ್ತು ಹೆಂಡತಿ ಒಂದೇ ಕೋಣೆಯಲ್ಲಿ ದನಿ ಎತ್ತಿದರೆ ಅವನಿಗೆ ತಕ್ಷಣ ಪಲ್ಪರ್ ಮೋಟರಿನ ನೆನಪಾಗುತ್ತದೆ. ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಆ ಯಂತ್ರ ವರ್ಷದಲ್ಲಿ ಸ್ವಲ್ಪ ದಿನ ಮಾತ್ರ ಓಡುವುದು. ಇವನು ಅದನ್ನು ವರ್ಷವಿಡೀ ರಿಪೇರಿ ಮಾಡುತ್ತಾನೆ. ಆ ದಿನವೂ ಕೈ ತೊಳೆದು ಅತ್ತಲೇ ಹೋದ.

ಮುಂದಿನ ವಾರ ಅತ್ತೆ ಅವನನ್ನು ಮೂಡಿಗೆರೆಗೆ ಕಳಿಸಿ ಒಂದು ಬಾಟಲಿ ಔಷಧಿ ತರಿಸಿದರು. ಕೊಳೆರೋಗಕ್ಕೆ ಮೈಲುತುತ್ತ ಸುಣ್ಣ ಹೊಡೆದು ಅಭ್ಯಾಸವಾದ ಜನ ನಾವು. ಕೊಳೆಯುವುದು ಶಿಲೀಂಧ್ರದಂಥ ಜೀವಿಯಿಂದ, ಅದಕ್ಕೆ ತನ್ನದೇ ಒಡಲಿದೆ, ಮೈಲುತುತ್ತದ ತಾಮ್ರ ತಾಗಿದರೆ ಸಾಯುತ್ತದೆ. ವೈರಸ್ಸಿಗೆ ತನ್ನದೆನ್ನುವ ಒಡಲೇ ಇಲ್ಲ, ಬಳ್ಳಿಯ ಕೋಶವೇ ಅದರ ಕಾರ್ಖಾನೆ, ಆ ಕಾರ್ಖಾನೆಗೆ ವಿಷ ಹಾಕಿದರೆ ಸಾಯುವುದು ಬಳ್ಳಿಯೇ. ಇದನ್ನೆಲ್ಲ ಅಂಗಡಿಯವನಿಗೆ ಹೇಳಲು ನಾನೇ ಹೋದೆ. ಅವನು ಪಾಪ ವಿನಯದಿಂದ ಕೇಳಿ, ‘ಇದು ಮೂರಕ್ಕೂ ಆಗುತ್ತೆ ಮೇಡಂ’ ಎಂದ. ಮೂರು ಎಂದರೆ ಶಿಲೀಂಧ್ರ, ಬ್ಯಾಕ್ಟೀರಿಯಾ, ವೈರಸ್ಸು. ನಾನು ಮೈಯೆಲ್ಲ ಉರಿದು ಬಸ್‌ಸ್ಟ್ಯಾಂಡಿಗೆ ಬಂದೆ.

ಆ ಬಾಟಲಿಯ ನೀರು ಹೊಡೆದದ್ದೂ ಆಯಿತು, ಮಳೆ ಹಿಡಿದದ್ದೂ ಆಯಿತು. ಮಳೆಗಾಲದಲ್ಲಿ ಯಾವ ಬಳ್ಳಿಯಾದರೂ ಎರಡು ದೊಡ್ಡ ಎಲೆ ಬಿಡುತ್ತದೆ. ನೀರು ಗೊಬ್ಬರ ಕುಡಿದು ದಡಬಡ ಚಿಗುರುವಾಗ ರೋಗದ ಗುರುತು ಮರೆಯಾಗುತ್ತದೆ, ರೋಗ ಹೋಗಿರುವುದಿಲ್ಲ. ಅತ್ತೆ ಅಂಥ ಒಂದು ದೊಡ್ಡ ಎಲೆ ಕಿತ್ತು ತಂದು ನನ್ನ ಮುಂದೆ ಮೇಜಿನ ಮೇಲೆ ಇಟ್ಟರು. ಬಾಯಿಬಿಟ್ಟು ಹೇಳಿದ್ದರೆ ಉತ್ತರ ಕೊಡಬಹುದಿತ್ತು. ಮಳೆ ನಿಂತು ಚಳಿ ಬಿದ್ದಾಗ ಎಲೆಗಳು ಮತ್ತೆ ಸಣ್ಣವಾದವು, ಅದೂ ಇನ್ನಷ್ಟು ಮರಗಳಲ್ಲಿ. ಆಗ ಎಲೆ ಕಿತ್ತು ತಂದು ಅದೇ ಮೇಜಿನ ಮೇಲೆ ಇಟ್ಟವಳು ನಾನು. ಅತ್ತೆ ಅದನ್ನು ಎತ್ತಿ ಒಲೆಗೆ ಹಾಕಿದರು.

ಕೊರೊನಾ ಬಂದು ಎಲ್ಲರ ಬಾಯಿಗೂ ವೈರಸ್ ಎಂಬ ಮಾತು ಬಂದಿತ್ತು, ಇನ್ನು ನನ್ನ ಕೆಲಸ ಹಗುರ ಎಂದುಕೊಂಡಿದ್ದೆ. ಎಲ್ಲಿಯ ಹಗುರ! ಈಗ ಎಲ್ಲರೂ ಪಂಡಿತರು. ನಮ್ಮನ್ನೂ ಕೂಡಿಹಾಕಿದ್ದರಲ್ಲ, ಹಂಬುಗಳನ್ನೂ ಸ್ವಲ್ಪ ದಿನ ಬೇರೆ ಇಟ್ಟರೆ ವೈರಸ್ ಹೋಗುತ್ತದಲ್ಲ ಎಂದು ಅತ್ತೆ ವಾದಿಸಿದರು. ಮನುಷ್ಯನ ರಕ್ತದಲ್ಲಿ ವೈರಸ್ಸನ್ನು ಗುರುತು ಹಿಡಿದು ಹೊಡೆಯುವ ಕಾವಲು ಇದೆ, ಆದ್ದರಿಂದ ಜ್ವರ ಬಂದು ಹೋಗುತ್ತದೆ, ಬಳ್ಳಿಗೆ ಅಂಥ ರಕ್ತವಿಲ್ಲ, ಒಮ್ಮೆ ಹೊಕ್ಕ ವೈರಸ್ ಬಳ್ಳಿ ಸಾಯುವ ತನಕ ಅಲ್ಲೇ ಎಂದು ವಿವರಿಸಿದೆ. ಹಾಗಾದರೆ ಲಸಿಕೆ ಎಂದರು. ನಾನು ಎದ್ದು ಬಚ್ಚಲಿಗೆ ಹೋಗಿ ಮುಖ ತೊಳೆದುಕೊಂಡು ಬಂದೆ.

ನಾದಿನಿ ಬಂದದ್ದು ಬೇಸಗೆಯ ಶುರುವಿನಲ್ಲಿ, ಪಿಕಪ್ ಗಾಡಿ ಬಾಡಿಗೆಗೆ ಮಾಡಿಕೊಂಡು, ಹಸಿ ಗೋಣಿ, ಬಾಳೆಪಟ್ಟೆ ಎಲ್ಲ ಹೊಂದಿಸಿಕೊಂಡು. ಅವಳ ಗುಡ್ಡದಲ್ಲಿ ನರ್ಸರಿಗೆ ಚಪ್ಪರ ಹಾಕಿಯಾಗಿತ್ತು, ಪ್ಲಾಸ್ಟಿಕ್ ತೊಟ್ಟೆಗಳಿಗೆ ಮಣ್ಣು ತುಂಬಿಯಾಗಿತ್ತು. ಅವಳು ಕಾಫಿ ಕುಡಿದು ಮುಗಿಸಲಿ ಎಂದು ಕಾದು, ಆಮೇಲೆ ಮೆತ್ತಗೆ ಹೇಳಿದೆ. ಈ ಬಳ್ಳಿ ಬೇಡ, ನಿನ್ನ ಮರಗಳಿಗೆ ಸಂಶೋಧನಾ ಕೇಂದ್ರದಿಂದ ಪರೀಕ್ಷೆಯಾದ ಸಸಿ ನಾನೇ ತರಿಸಿಕೊಡುತ್ತೇನೆ, ಕಾಯುವುದಾದರೆ ಒಂದು ವರ್ಷ ಕಾಯಿ, ಈಗ ಇದನ್ನು ನೆಟ್ಟರೆ ರೋಗ ಗೊತ್ತಾಗುವಷ್ಟರಲ್ಲಿ ನಿನ್ನ ಮೂರು ವರ್ಷ ಹೋಗಿರುತ್ತದೆ ಎಂದೆ. ಅವಳು ಲೋಟ ಕೆಳಗಿಟ್ಟಳು.

‘ಅತ್ತಿಗೆ, ಕೊಡೋಕೆ ಮನಸ್ಸಿಲ್ಲ ಅಂದ್ರೆ ನೇರ ಹೇಳಿ. ರೋಗ ಗೀಗ ಅಂತ ಯಾಕೆ ಸುತ್ತಿ ಬಳಸಿ ಹೇಳ್ತೀರಿ?’

ನನಗೆ ಕಪಾಳಕ್ಕೆ ಬಿಟ್ಟಂತಾಯಿತು. ಇಷ್ಟು ವರ್ಷದಲ್ಲಿ ನಾವಿಬ್ಬರೂ ಜಗಳವಾಡಿದವರಲ್ಲ. ಅವಳ ಬಾಣಂತನ ಮಾಡಿದವಳು ನಾನು. ವೈರಸ್ಸಿನ ಬಗ್ಗೆ ನಾನು ಆಡಿದ ಪ್ರತಿ ಮಾತೂ ಅವಳ ಕಿವಿಯಲ್ಲಿ ಸೊಸೆಯ ಜಿಪುಣತನವಾಗಿ ಕೇಳಿಸಿತ್ತು. ನಾನು ವಿವರಿಸಿದಷ್ಟೂ ಅದು ಹೆಚ್ಚಾಗುತ್ತ ಹೋಯಿತು. ಗೆರೆ ಎಳೆದು ಚಿತ್ರ ಬಿಡಿಸಿ ತೋರಿಸಲು ಹೋದೆ, ಅವಳು ಮುಖ ತಿರುಗಿಸಿದಳು. ದುಡ್ಡು ಕೊಟ್ಟರೆ ಸಸಿ ಎಲ್ಲಿ ಬೇಕಾದರೂ ಸಿಗುತ್ತದೆ, ಅಮ್ಮನ ಬಳ್ಳಿ ಸಿಗುತ್ತದೆಯೇ ಎಂದು ಗೋಡೆಗೆ ಹೇಳಿದಳು. ಅತ್ತೆ ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡವರು, ಸೊಂಟಕ್ಕೆ ಕತ್ತಿ ಸಿಕ್ಕಿಸಿಕೊಂಡು ಅಂಗಳಕ್ಕಿಳಿದರು.

ಅವರ ಹಿಂದೆಯೇ ನಾನೂ ಓಡಿದೆ. ಅತ್ತೆ ನನಗೆ ಒಂದು ಔದಾರ್ಯ ತೋರಿಸಿದರು. ಸಣ್ಣ ಎಲೆಯ ಬಳ್ಳಿ ಮುಟ್ಟುವುದಿಲ್ಲ, ಚೆನ್ನಾಗಿರುವುದರಿಂದ ಮಾತ್ರ ತೆಗೆಯುತ್ತೇನೆ ಎಂದರು. ಇದೇ ನಮ್ಮವರೆಲ್ಲ ಮಾಡುವ ತಪ್ಪು. ಚೆನ್ನಾಗಿರುವುದು, ಕೆಟ್ಟದ್ದು ಎಂದು ಅಲ್ಲಿ ಎರಡು ಬಳ್ಳಿ ಇದ್ದರೆ ತಾನೆ? ಇಡೀ ತೋಟವೇ ಒಂದು ಬಳ್ಳಿಯ ತುಂಡುಗಳು, ಗುರುತು ಕಾಣದ್ದರೊಳಗೂ ವೈರಸ್ ಕೂತಿರಬಹುದು. ಬೀಜದಿಂದ ಹುಟ್ಟಿದ್ದರೆ ಅದೊಂದು ಹೊಸ ಜೀವ, ಎಷ್ಟೋ ವೈರಸ್ಸುಗಳಿಗೆ ಬೀಜದೊಳಕ್ಕೆ ದಾಟಲು ಆಗುವುದಿಲ್ಲ. ತುಂಡು ಹಾಗಲ್ಲ, ಅದು ಹಳೆಯ ಬಳ್ಳಿಯೇ, ಅದರ ರಸ, ಅದರ ಕೋಶ, ಅದರೊಳಗೆ ಕೂತವನು ಎಲ್ಲ ಸಮೇತ. ಗಿಡದಿಂದ ಗಿಡಕ್ಕೆ ಹೋಗಲು ವೈರಸ್ಸಿಗೆ ಕಾಲಿಲ್ಲ, ರೆಕ್ಕೆ ಇಲ್ಲ. ಗಿಡದ ಕೋಶಕ್ಕೆ ಗಟ್ಟಿ ಗೋಡೆ ಬೇರೆ. ಒಂದು ಗಾಯ ಬೇಕು, ಇಲ್ಲವೇ ರಸ ಹೀರುವ ಹಿಟ್ಟುತಿಗಣೆಯ ಮೂತಿ ಬೇಕು. ನಮ್ಮಲ್ಲಿ ಅದಕ್ಕೆ ಅಷ್ಟು ಕಷ್ಟವನ್ನೂ ಕೊಡುವುದಿಲ್ಲ. ನಾವೇ ಕತ್ತರಿಸಿ, ಒದ್ದೆ ಗೋಣಿಯಲ್ಲಿ ಸುತ್ತಿ, ಅರಿಸಿನ ಕುಂಕುಮ ಹಚ್ಚಿ, ಪಿಕಪ್ಪಿನಲ್ಲಿ ಕೂರಿಸಿ ಕಳಿಸುತ್ತೇವೆ.

ಸೋಪಿನ ನೀರಿನ ಬಕೆಟ್ ಹಿಡಿದು, ಪ್ರತಿ ಬಳ್ಳಿಗೂ ಕತ್ತಿ ಅದ್ದಿ ತೊಳೆಯಿರಿ ಎಂದು ಬೇಡಿಕೊಂಡೆ. ಅತ್ತೆ ಒಂದೆರಡು ಸಲ ಅದ್ದಿದರು. ಆಮೇಲೆ ಮರೆತರು. ಹೋಗುವ ದಾರಿಯಲ್ಲಿ ಕೈ ಸುಮ್ಮನಿರದೆ ಒಂದು ಮುದುರಿದ ಬಳ್ಳಿಯ ರೆಂಬೆ ಕೊಚ್ಚಿ ಹಾಕಿ, ಅದೇ ಕತ್ತಿಯಲ್ಲಿ ಮುಂದಿನದನ್ನು ಕತ್ತರಿಸಿದರು. ನಾನು ಬಕೆಟ್ಟನ್ನು ಅಲ್ಲೇ ಬೋರಲು ಹಾಕಿ ಮನೆಗೆ ಬಂದುಬಿಟ್ಟೆ. ಅವತ್ತು ಅತ್ತಷ್ಟು ನಾನು ನನ್ನ ಅಪ್ಪ ಹೋದಾಗಲೂ ಅತ್ತಿರಲಿಲ್ಲ. ಸಿಟ್ಟಿಗೆ ಬಂದ ಅಳು ಅದು, ದುಃಖದ್ದಲ್ಲ. ಪಿಕಪ್ ಹೊರಟಾಗ ನಾದಿನಿ ಕಿಟಕಿಯಿಂದ, ಬರ್ತೀನಿ ಅತ್ತಿಗೆ ಎಂದಳು. ನಾನು ಸರಿ ಎಂದೆ.

ಮುಂದಿನ ಮೂರು ವರ್ಷ ಅವಳು ಫೋನಿಗೆ ಫೋಟೊ ಕಳಿಸಿದಳು. ಎಲ್ಲವೂ ಮಳೆಗಾಲದ ಫೋಟೊ. ಮರಕ್ಕೆ ಹತ್ತಿದ ಬಳ್ಳಿ, ಹಸಿರು ಎಲೆ, ಪಕ್ಕದಲ್ಲಿ ಕೈ ಕಟ್ಟಿ ನಿಂತ ಅವಳ ಗಂಡ. ಬೇಸಗೆಯಲ್ಲಿ ಒಂದೂ ಬರುತ್ತಿರಲಿಲ್ಲ. ನಾನು ಕೇಳಲಿಲ್ಲ, ಕೇಳಿದರೆ ಕಾದು ಕೂತಿದ್ದಾಳೆ ಎಂದುಕೊಂಡಾಳು ಎಂಬ ಹೆದರಿಕೆ. ಇತ್ತ ನಮ್ಮ ತೋಟದಲ್ಲಿ ಕಾಳು ಕಡಿಮೆಯಾಗುತ್ತ ಬಂತು. ಕಾಲೇಜಿಗೆ ರಜೆ ಇದ್ದಾಗ ನಾನು ಒಂದೊಂದೇ ಬಳ್ಳಿ ಕಿತ್ತು ಸುಡುತ್ತಿದ್ದೆ. ಅತ್ತೆ ತಡೆಯಲಿಲ್ಲ, ಕಿಟಕಿ ಮಾತ್ರ ಹಾಕಿಕೊಳ್ಳುತ್ತಿದ್ದರು.

ಕಳೆದ ಮಾಗಿಯಲ್ಲಿ ನಾದಿನಿಯ ಫೋನು ಬಂತು. ಎಲೆ ಯಾಕೋ ಸಣ್ಣ ಬರುತ್ತಿದೆ ಅತ್ತಿಗೆ, ಒಮ್ಮೆ ಬರ್ತೀರಾ ಎಂದಳು. ಅತ್ತೆ ನಾನೂ ಬರುತ್ತೇನೆ ಎಂದು ಸೀರೆ ಬದಲಿಸಿ ನಿಂತರು. ಕೊಟ್ಟಿಗೆಹಾರದಲ್ಲಿ ಬಸ್ಸು ಬದಲಾಯಿಸಿ, ತಿರುವು ತಿರುವಿಗೂ ವಾಂತಿ ಬಂದಂತಾಗುವ ಅತ್ತೆಗೆ ನಿಂಬೆಹಣ್ಣು ಮೂಸಿಸುತ್ತ ಕಳಸ ತಲುಪಿ, ಅಲ್ಲಿಂದ ಜೀಪು ಹತ್ತಿದೆವು.

ಗುಡ್ಡ ಹತ್ತುವಾಗಲೇ ಕಂಡಿತು. ಸಾಲಿನ ಮೇಲೆ ಸಾಲು, ಸಿಲ್ವರ್ ಮರಗಳು ಚೆಂದಕ್ಕೆ ಮುಗಿಲಿಗೆ ನಿಂತಿವೆ, ಬಳ್ಳಿ ಎದೆಮಟ್ಟಕ್ಕೆ ಬಂದು ನಿಂತುಬಿಟ್ಟಿದೆ. ಹೆಬ್ಬೆರಳಿನಷ್ಟು ಎಲೆ, ಮುದುರಿದ ಅಂಚು. ಮೂರನೆಯ ವರ್ಷದ ಬಳ್ಳಿಯಲ್ಲಿ ಗೆರೆ ಜೋತಾಡಬೇಕು. ಇಲ್ಲಿ ಬೆರಳುದ್ದದ ಗೆರೆ, ಅದರಲ್ಲೂ ಅಲ್ಲೊಂದು ಇಲ್ಲೊಂದು ಕಾಳು. ನಾನು ಹೇಳಿದ್ದೇ ಆಯಿತು. ಒಮ್ಮೆಯಾದರೂ ನನ್ನ ಮಾತು ಸುಳ್ಳಾಗಬಾರದಿತ್ತೇ. ಮದ್ದಿಲ್ಲ ಅಲ್ವಾ ಎಂದು ನಾದಿನಿ ಕೇಳಿದಳು. ಇಲ್ಲ, ಕಿತ್ತು ಸುಡಬೇಕು, ಎಲ್ಲವನ್ನೂ ಎಂದೆ. ಅವಳು ನನ್ನ ಮೇಲೇ ತಿರುಗಿದಳು.

‘ನಿಮಗೆ ಗೊತ್ತಿತ್ತು. ಪಿಕಪ್ಪಿಗೆ ಅಡ್ಡ ನಿಲ್ಬೇಕಿತ್ತು ಅತ್ತಿಗೆ. ಬರೀ ಬಾಯಲ್ಲಿ ಹೇಳಿ ಸುಮ್ನಾದ್ರಿ.’

ಬರೀ ಬಾಯಲ್ಲಿ! ನನ್ನ ಕಿವಿಯಿಂದ ಹೊಗೆ ಬಂತು. ಹೇಳಿದರೆ ಜಿಪುಣಿ, ಹೇಳಿ ಸುಮ್ಮನಾದರೆ ತಪ್ಪಿತಸ್ಥೆ. ಹಾಗೆಂದು ಬಾಯಿಬಿಟ್ಟು ಅಂದೇಬಿಡುತ್ತಿದ್ದೆ. ಅಷ್ಟರಲ್ಲಿ ಮೇಲಿನ ಕಡಿದಾದ ಮಣ್ಣಿನ ದರೆಯ ಆಚೆ ಇನ್ನೊಂದು ತೋಟ ಕಣ್ಣಿಗೆ ಬಿತ್ತು. ಅಲ್ಲಿಯೂ ಬಳ್ಳಿ, ಇನ್ನೂ ಎಳೆಯದು. ಅದು ಯಾರದ್ದು, ಬಳ್ಳಿ ಎಲ್ಲಿಯದು ಎಂದು ಕೇಳಿದೆ. ನಾದಿನಿ ತಲೆ ತಗ್ಗಿಸಿದಳು. ಹೋದ ವರ್ಷ ಮೇಲಿನ ಮನೆಯವಳು ಕೇಳಿದಳಂತೆ. ಮಳೆಗಾಲದಲ್ಲಿ ಬಳ್ಳಿ ಚೆನ್ನಾಗಿಯೇ ಕಾಣುತ್ತಿತ್ತು, ಕೇಳಿದವರಿಗೆ ಇಲ್ಲ ಅನ್ನಲಾಗದೆ ಹಂಬು ಕೊಟ್ಟಳಂತೆ.

ನಾನು ಅಲ್ಲೇ ಕಲ್ಲಿನ ಮೇಲೆ ಕೂತೆ. ಮಲ್ಲಂದೂರಿನಿಂದ ಜಾವಳಿಗೆ, ಜಾವಳಿಯಿಂದ ಕಳಸಕ್ಕೆ, ಇಲ್ಲಿಂದ ಮೇಲಿನ ಗುಡ್ಡಕ್ಕೆ ಆ ಬಳ್ಳಿ ನಡೆದು ಬಂದಿತ್ತು. ಇನ್ನು ಮುಂದಿನ ಬೇಸಗೆಗೆ ಆಕೆಯೂ ತನ್ನ ತಂಗಿಗೋ ನಾದಿನಿಗೋ ಕತ್ತರಿಸಿ ಕೊಡುತ್ತಾಳೆ. ಈಗಲೇ ಹೋಗಿ ಹೇಳಲೇಬೇಕು ಎಂದು ಎದ್ದೆ. ಮೂವರೂ ದರೆ ಹತ್ತಿದೆವು, ಅತ್ತೆ ನನ್ನ ಹೆಗಲು ಹಿಡಿದುಕೊಂಡು.

ಮೇಲಿನ ಮನೆಯವಳು ಎಳೆ ಪ್ರಾಯದ ಹೆಂಗಸು, ಅಂಗಳದಲ್ಲಿ ಅಡಿಕೆ ಹರವುತ್ತಿದ್ದಳು. ಬೆಲ್ಲ ನೀರು ಕೊಟ್ಟಳು, ಚಾಪೆ ಹಾಕಿದಳು. ನಾನು ಶುರುಮಾಡಿದೆ: ಕವಚ, ಎಳೆ, ಕೋಶ, ನಕಲು, ತುಂಡಿನಿಂದ ತುಂಡಿಗೆ. ನನ್ನ ದನಿ ನನಗೇ ಬೇಸರ ತರಿಸುತ್ತಿತ್ತು. ಅವಳು ಮರ್ಯಾದೆಯಿಂದ ಕೇಳಿಸಿಕೊಂಡಳು. ಹೋದ ವರ್ಷ ಕೈಯಾರೆ ಕೊಟ್ಟು ಈಗ ಕಿತ್ತು ಹಾಕಿ ಅಂದರೆ ಹೇಗೆ, ಬಳ್ಳಿ ಇನ್ನೂ ಚೆನ್ನಾಗಿದೆಯಲ್ಲ, ನೋಡೋಣ ಎಂದಳು. ನೋಡೋಣ ಎಂದರೆ ನಮ್ಮ ಕಡೆ ಇಲ್ಲ ಎಂದರ್ಥ. ಅವಳ ಕಣ್ಣು ನಾದಿನಿಯ ಕಡೆ ಹೊರಳಿತು, ಬೇರೆ ಏನು ಕಾರಣ ಇರಬಹುದು ಎಂದು ಹುಡುಕುವ ನೋಟ ಅದು. ಆ ನೋಟ ನನಗೆ ಗೊತ್ತು.

ಆಗ ಅತ್ತೆ ಮಾತಾಡಿದರು, ಚಾಪೆಯ ಮೇಲೆ ಕೂತೇ.

‘ಅದು ನನ್ನ ಬಳ್ಳಿ. ಅದಕ್ಕೆ ರೋಗ ಇತ್ತು. ನನ್ನ ಸೊಸೆ ಹೇಳಿದ್ಲು. ಅವಳು ಮೊದ್ಲ ದಿನ ಒಲೆ ಮುಂದೆ ಕೂತು ಹೇಳಿದಾಗ್ಲೇ ನಂಗೆ ಅರ್ಥ ಆಗಿತ್ತು. ಗೊತ್ತಿದ್ದೇ ಕೊಟ್ಟೆ.’

ಇವರಿಗೆ ಅರ್ಥವಾಗುತ್ತಿಲ್ಲ, ನಾನು ಹೇಳುವುದರಲ್ಲೇ ಏನೋ ಕೊರತೆ ಇದೆ ಎಂದು ಇಷ್ಟು ವರ್ಷ ಬಗೆಬಗೆಯಾಗಿ ಹೇಳಿದ್ದೆ, ಕೂಗಾಡಿದ್ದೆ, ಬಕೆಟ್ ಬೋರಲು ಹಾಕಿದ್ದೆ. ಅವರು ಸತುವು ಎಂದದ್ದು, ಚಳಿ ಎಂದದ್ದು, ಲಸಿಕೆ ಎಂದದ್ದು ಎಲ್ಲ ತಿಳಿದ ಮೇಲಿನ ಮಾತು. ಅವರ ಕುತ್ತಿಗೆ ಹಿಡಿದು ಅಲ್ಲಾಡಿಸಬೇಕು ಅನ್ನುವಷ್ಟು ಸಿಟ್ಟು ಬಂತು.

ಅತ್ತೆ ಮಗಳ ಮುಖ ನೋಡಲಿಲ್ಲ. ಆ ಹೆಂಗಸಿಗೇ ಹೇಳುವಂತೆ ಮುಂದುವರಿಸಿದರು. ಜಮೀನು ಗಂಡುಮಗನಿಗೆ ಹೋಯಿತು, ಇವಳು ಒಂದು ಮಾತಾಡದೆ ರುಜು ಹಾಕಿ ಕೊಟ್ಟಳು, ಮೈಮೇಲಿನ ಚಿನ್ನ ಅಡಿಕೆ ಉಳಿಸಲು ಹೋಯಿತು. ತಾನು ಇಷ್ಟು ವರ್ಷ ಬಾಳಿದ ಮನೆಯಲ್ಲಿ ತನ್ನದು ಎಂದು ಯಾರನ್ನೂ ಕೇಳದೆ ಎತ್ತಿ ಕೊಡಬಹುದಾದದ್ದು ಆ ಬಳ್ಳಿ ಒಂದೇ. ಅದಕ್ಕೂ ರೋಗ ಎಂದು ಒಪ್ಪಿಕೊಂಡಿದ್ದರೆ ಮಗಳು ಬರಿಗೈಯಲ್ಲಿ ಹೋಗಬೇಕಿತ್ತು. ಒಂದಷ್ಟಾದರೂ ಬದುಕೀತು ಎಂದುಕೊಂಡೆ, ಬದುಕಲಿಲ್ಲ, ನಿಮ್ಮದೂ ಬದುಕುವುದಿಲ್ಲ, ಕಿತ್ತುಬಿಡಿ ಎಂದರು. ನಾನು ನೆಲ ನೋಡುತ್ತಿದ್ದೆ. ಆ ಜಮೀನು ಬಂದದ್ದು ನನ್ನ ಗಂಡನಿಗೆ, ಅದರ ಅನ್ನ ಉಣ್ಣುತ್ತಿರುವವಳು ನಾನು.

ನಾದಿನಿ ಅಳಲಿಲ್ಲ. ತಾಯಿಯ ಎದುರಿಗೆ ಬಂದು ಕುಕ್ಕರುಗಾಲಿನಲ್ಲಿ ಕೂತಳು.

‘ಅಮ್ಮ, ಜಮೀನಿನ ಬದ್ಲಿಗೆ ನಾನು ನಿನ್ನ ಹತ್ರ ಏನಾದ್ರೂ ಕೇಳಿದ್ನಾ?’

‘ಕೇಳ್ಲಿಲ್ಲ’ ಎಂದರು ಅತ್ತೆ. ‘ಅದಕ್ಕೇ.’

ಮೇಲಿನ ಮನೆಯವಳು ಕೈಯಲ್ಲಿದ್ದ ಅಡಿಕೆ ಬುಟ್ಟಿ ಇಳಿಸಿ, ಒಳಗೆ ಹೋಗಿ ಕತ್ತಿ ತಂದಳು.